ಓದು ಕಲಿಸುವವರಿಗೂ ಒಂದು ಓದು ಬೇಕು

2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪನ್ನು ಹೆಚ್ಚಿನವರು ಉದ್ಯೋಗ ಪುಟದ ಸುದ್ದಿಯೆಂದು ಓದಿ ಮರೆತರು. ಬಿ.ಇಡಿ. ಪದವಿ ಇದ್ದ ಮಾತ್ರಕ್ಕೆ ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಕಲಿಸುವ ಅರ್ಹತೆ ಬರುವುದಿಲ್ಲ ಎಂಬುದು ಅದರ ತಿರುಳು. ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, 2018ರ ಜೂನ್ 28ರ ಅಧಿಸೂಚನೆಯಲ್ಲಿ ಬಿ.ಇಡಿ. ಆದವರಿಗೂ ಪ್ರಾಥಮಿಕ ಶಾಲೆಯ ಬಾಗಿಲು ತೆರೆದಿತ್ತು. ರಾಜಸ್ಥಾನ ಹೈಕೋರ್ಟ್ ಅದನ್ನು ಒಪ್ಪಲಿಲ್ಲ, ಸುಪ್ರೀಂ ಕೋರ್ಟ್ ಹೈಕೋರ್ಟಿನ ಮಾತನ್ನು ಎತ್ತಿಹಿಡಿಯಿತು. ಬಿ.ಇಡಿ. ಡಿಪ್ಲೊಮಾಗಿಂತ ದೊಡ್ಡದಲ್ಲವೇ, ದೊಡ್ಡದನ್ನು ಕಲಿತವರು ಚಿಕ್ಕದನ್ನು ಕಲಿಸಲಾರರೇ ಎಂಬುದು ನೊಂದ ಅಭ್ಯರ್ಥಿಗಳ ಪ್ರಶ್ನೆ. ಚಿಕ್ಕ ಮಕ್ಕಳಿಗೆ ಕಲಿಸುವುದು ಬೇರೆಯೇ ಕೌಶಲ, ಬಿ.ಇಡಿ. ತಯಾರು ಮಾಡುವುದು ಮೇಲಿನ ತರಗತಿಗಳಿಗೆ, ಇಲ್ಲಿ ದೊಡ್ಡದು ಚಿಕ್ಕದೆಂಬ ಲೆಕ್ಕ ನಡೆಯುವುದಿಲ್ಲ ಎಂಬುದು ನ್ಯಾಯಾಲಯದ ಉತ್ತರದ ಸಾರ.

ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದವರಿಗೆ ಈ ಉತ್ತರ ಕಹಿಯಾಗಿತ್ತು. ಆದರೆ ಮಾತು ಸರಿಯಾಗಿತ್ತು. ಅಷ್ಟೇ ಅಲ್ಲ, ಆ ಮಾತನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕಿತ್ತು. ಚಿಕ್ಕ ಮಕ್ಕಳಿಗೆ ಕಲಿಸುವ ಕೌಶಲದ ಒಳಗೆ ಇನ್ನೊಂದು ಕೌಶಲ ಇದೆ. ಅದು ಓದು ಕಲಿಸುವುದು. ಆ ಒಂದು ಬಾರದಿದ್ದರೆ ಗಣಿತದ ಪುಸ್ತಕದ ಲೆಕ್ಕವೂ ಬಾರದು, ಪರಿಸರದ ಪಾಠವೂ ಬಾರದು. ಭಾರತದಲ್ಲಿ ಯಾವ ಸರ್ಕಾರಿ ಶಾಲೆಯಲ್ಲೂ ಆ ಕೌಶಲಕ್ಕೆಂದೇ ಒಂದು ಹುದ್ದೆಯಿಲ್ಲ, ಸಂಬಳದ ಪಟ್ಟಿಯಲ್ಲಿ ಅದಕ್ಕೊಂದು ಸಾಲಿಲ್ಲ. ಓದಲು ಬರುವ ಯಾರು ಬೇಕಾದರೂ ಓದು ಕಲಿಸಬಹುದು ಎಂಬ ನಂಬಿಕೆಯ ಮೇಲೆ ಇಡೀ ವ್ಯವಸ್ಥೆ ನಿಂತಿದೆ.

ಡಿ.ಇಎಲ್.ಇಡಿ. ಡಿಪ್ಲೊಮಾದ ಮಾದರಿ ಪಠ್ಯಕ್ರಮದಲ್ಲಿ ಭಾಷೆ ಮತ್ತು ಆರಂಭಿಕ ಸಾಕ್ಷರತೆಯ ಪತ್ರಿಕೆಯೊಂದು ಇದೆ ಎನ್ನಬಹುದು. ಇದೆ. ಹಲವು ಪತ್ರಿಕೆಗಳ ನಡುವೆ ಅದೂ ಒಂದು. ಅದನ್ನು ಬರೆದು ಪಾಸಾದವರು ಮುಂದೆ ಕೂರುವುದು ಟಿಇಟಿಗೆ. ಕೇಂದ್ರದ ಸಿಟಿಇಟಿಯ ಪ್ರಾಥಮಿಕ ಹಂತದ ಪರೀಕ್ಷೆಗೆ 150 ಅಂಕ. ಮೊದಲ ಭಾಷೆಗೆ 30, ಅದರಲ್ಲಿ 15 ಅಂಕ ಅಭ್ಯರ್ಥಿಗೆ ಓದಿ ಅರ್ಥಮಾಡಿಕೊಳ್ಳಲು ಬರುತ್ತದೆಯೇ ಎಂದು ನೋಡಲು, ಉಳಿದ 15 ಭಾಷೆ ಕಲಿಸುವ ವಿಧಾನಕ್ಕೆ. ಎಲ್ಲವೂ ನಾಲ್ಕರಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು. ಒಂದು ಮಗುವಿನ ಪಕ್ಕದಲ್ಲಿ ಕುಳಿತು, ಅದು ಎಲ್ಲಿ ತಡವರಿಸುತ್ತದೆ ಎಂದು ಕಿವಿಗೊಟ್ಟು ಕೇಳಿ, ಕಾರಣ ಕಂಡುಹಿಡಿಯುವ ಪರೀಕ್ಷೆ ಎಲ್ಲೂ ಇಲ್ಲ. ಕಾರು ಓಡಿಸುವವರಿಗೆ ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿಸುತ್ತಾರೆ. ಓದು ಕಲಿಸುವವರಿಗೆ ಅಷ್ಟೂ ಇಲ್ಲ.

ಕಲಿಯುವಂಥದ್ದು ಅಷ್ಟೊಂದು ಏನಿದೆ ಎಂದು ಕೇಳುವವರಿಗೆ ಕನ್ನಡದ ಉದಾಹರಣೆಯೇ ಸಾಕು.

ಮೂರನೇ ತರಗತಿಯ ಮೂವರು ಮಕ್ಕಳ ಮುಂದೆ ‘ಅಜ್ಜಿ ಸಂತೆಯಿಂದ ಬುಟ್ಟಿ ತಂದಳು’ ಎಂಬ ಒಂದೇ ವಾಕ್ಯ ಇಟ್ಟರೆಂದು ಇಟ್ಟುಕೊಳ್ಳೋಣ. ಮೂವರೂ ಓದಲಿಲ್ಲ. ಮೊದಲ ಮಗುವಿಗೆ ಒತ್ತಕ್ಷರ ಕೈಕೊಟ್ಟಿದೆ, ಅದು ‘ಅಜಿ’, ‘ಬುಟಿ’ ಎನ್ನುತ್ತದೆ. ಎರಡನೆಯದಕ್ಕೆ ಎಲ್ಲ ಅಕ್ಷರಗಳೂ ಗೊತ್ತು. ಆದರೆ ಸಂ, ತೆ, ಯಿಂ, ದ ಎಂದು ಒಂದೊಂದನ್ನೇ ಕೂಡಿಸುತ್ತಾ ಕೊನೆಗೆ ಬರುವ ಹೊತ್ತಿಗೆ ಮೊದಲಿನದು ಮರೆತಿರುತ್ತದೆ. ಮೂರನೆಯದು ಸರಾಗವಾಗಿ ಒದರಿಬಿಡುತ್ತದೆ, ಬುಟ್ಟಿ ತಂದವರು ಯಾರು ಎಂದರೆ ಸುಮ್ಮನೆ ಮುಖ ನೋಡುತ್ತದೆ. ಅದರ ಮನೆಯ ಮಾತು ಲಂಬಾಣಿ, ಕನ್ನಡ ಅದಕ್ಕೆ ಇನ್ನೂ ಶಾಲೆಯ ಸದ್ದು ಮಾತ್ರ. ಹಾಜರಿ ಪುಸ್ತಕದ ಪಕ್ಕದ ಪ್ರಗತಿ ವಹಿಯಲ್ಲಿ ಮೂವರ ಹೆಸರಿನ ಮುಂದೆಯೂ ‘ಓದಲು ಬರುವುದಿಲ್ಲ’ ಎಂದು ಬೀಳುತ್ತದೆ. ಮೂವರಿಗೂ ಮದ್ದು ಒಂದೇ: ಪಾಠವನ್ನು ಹತ್ತು ಸಲ ಬರೆದುಕೊಂಡು ಬಾ. ನೋಡಿ ಬರೆಯುವುದಕ್ಕೆ ಓದು ಬೇಕಿಲ್ಲ, ಮೂವರೂ ಚಂದವಾಗಿ ಬರೆದುಕೊಂಡು ಬರುತ್ತಾರೆ. ಮೂವರಿಗೂ ಓದು ಬರುವುದಿಲ್ಲ.

ಈ ಮೂವರನ್ನು ಬೇರ್ಪಡಿಸಿ ನೋಡುವ ಕಣ್ಣು ಅನುಭವದಿಂದ ತಾನಾಗಿ ಬರುತ್ತದೆ ಎಂಬುದು ಅರ್ಧಸತ್ಯ. ಇಪ್ಪತ್ತು ವರ್ಷ ಒಂದನೇ ತರಗತಿಗೆ ಕಲಿಸಿ ಆ ಕಣ್ಣು ಪಡೆದ ಶಿಕ್ಷಕಿಯರು ಇದ್ದಾರೆ. ಅವರು ನಿವೃತ್ತರಾದಾಗ ಆ ವಿದ್ಯೆಯೂ ಅವರ ಜತೆ ಮನೆಗೆ ಹೋಗುತ್ತದೆ, ಯಾಕೆಂದರೆ ಅದನ್ನು ಇನ್ನೊಬ್ಬರಿಗೆ ದಾಟಿಸುವ ಏರ್ಪಾಡಿಲ್ಲ. ಇಪ್ಪತ್ತು ವರ್ಷ ಕಲಿಸಿಯೂ ಪಡೆಯದವರು ಅವರಿಗಿಂತ ಹೆಚ್ಚು.

ಕನ್ನಡ ಲಿಪಿಯ ಬಗ್ಗೆ ‘ಬರೆದಂತೆ ಓದುವುದು, ಓದಿದಂತೆ ಬರೆಯುವುದು’ ಎಂಬ ಹೆಮ್ಮೆ ಇದೆ. ಹೆಮ್ಮೆ ತಪ್ಪಲ್ಲ. ಆದರೆ ಅದು ಓದು ಬಂದವರ ಹೆಮ್ಮೆ. ಆರು ವರ್ಷದ ಮಗುವಿನ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ವರ್ಣಮಾಲೆಯಲ್ಲಿ 49 ಅಕ್ಷರ. 34 ವ್ಯಂಜನಕ್ಕೂ ಕಾಗುಣಿತ. ಅದರ ಮೇಲೆ ಒತ್ತು. ಕ, ಜ, ಪ ಅಕ್ಷರಗಳ ಒತ್ತು ನೋಡಿದರೆ ತಾಯಿ ಯಾರೆಂದು ಗೊತ್ತಾಗುತ್ತದೆ. ತ, ನ, ಮ, ಯ, ರ, ಲ ಒತ್ತುಗಳು ತಾಯಿಯನ್ನು ಹೋಲುವುದೇ ಇಲ್ಲ. ಮಗು ಮೊದಲು ಆಡುವ ಮಾತುಗಳು ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜಿ. ಇವಿಷ್ಟರಲ್ಲೂ ಒತ್ತಕ್ಷರವಿದೆ, ಅಂದರೆ ಮಗುವಿಗೆ ಅತಿ ಪರಿಚಿತವಾದ ಪದಗಳು ಹಳೆಯ ಕ್ರಮದಲ್ಲಿ ಕಟ್ಟಕಡೆಗೆ ಓದಲು ಸಿಗುತ್ತವೆ. ಅದರ ಬದಲು ಮೊದಲ ತಿಂಗಳಲ್ಲೇ ಋ, ಮುಂದೆ ಙ, ಞ ತಿದ್ದುತ್ತಾ ಕೂರಬೇಕು. ಕೊನೆಯ ಎರಡು ಅಕ್ಷರಗಳನ್ನು ಆ ಮಗು ಆಮೇಲೆ ಯಾವ ಪದದಲ್ಲಿ ನೋಡುತ್ತದೋ ದೇವರೇ ಬಲ್ಲ.

ಅನುಸ್ವಾರದ ಒಂದು ಸೊನ್ನೆ ಅಂಗಡಿಯಲ್ಲಿ ಒಂದು ದನಿ, ಅಂಚೆಯಲ್ಲಿ ಇನ್ನೊಂದು, ಹಂಡೆಯಲ್ಲಿ, ಅಂದದಲ್ಲಿ, ಅಂಬಲಿಯಲ್ಲಿ ಮತ್ತೊಂದು ಮತ್ತೊಂದು. ದೊಡ್ಡವರ ಬಾಯಿಗೆ ಅದು ತಾನಾಗಿ ಹೊರಳುತ್ತದೆ. ಕೂಡಿಸಿ ಓದುವ ಮಗು ‘ಅಮ್-ಗಡಿ’ ಎನ್ನುತ್ತದೆ. ಅರ್ಕಾವತ್ತು ಇನ್ನೂ ವಿಚಿತ್ರ. ‘ಸೂರ್ಯ’ ಎನ್ನುವಾಗ ಬಾಯಲ್ಲಿ ರಕಾರ ಮೊದಲು, ಕಾಗದದ ಮೇಲೆ ಅದರ ಗುರುತು ಆಮೇಲೆ. ‘ಸೂಯ್ರ’ ಎಂದು ಓದುವ ಮಗು ದಡ್ಡ ಮಗುವಲ್ಲ, ಎಡದಿಂದ ಬಲಕ್ಕೆ ಓದಬೇಕೆಂಬ ನಿಯಮವನ್ನು ಚೆನ್ನಾಗಿ ಕಲಿತ ಮಗು. ಅದರ ತಪ್ಪಿನಲ್ಲೇ ಅದರ ಬುದ್ಧಿ ಕಾಣುತ್ತದೆ. ಹಾಗೆ ಕಾಣಬೇಕಾದರೆ ನೋಡುವವರಿಗೆ ತರಬೇತಿ ಬೇಕು.

ಇವೆಲ್ಲಕ್ಕಿಂತ ಒಳಗಿನ ತೊಡಕು ಕಾಗುಣಿತದ್ದು. ‘ಮರ’ವನ್ನು ಮ, ರ ಎಂದು ಒಡೆಯುವುದು ಕನ್ನಡದ ಮಗುವಿಗೆ ಸುಲಭ. ಮಕಾರದೊಳಗೆ ಒಂದು ‘ಮ್’ ಇದೆ, ಒಂದು ‘ಅ’ ಇದೆ, ಆ ‘ಅ’ವನ್ನು ತೆಗೆದು ‘ಇ’ ಇಟ್ಟರೆ ‘ಮಿ’ ಆಗುತ್ತದೆ ಎಂಬ ತಿಳಿವಳಿಕೆ ನಿಧಾನಕ್ಕೆ ಬರುವಂಥದ್ದು. ಆ ತಿಳಿವಳಿಕೆ ಇಲ್ಲದಿದ್ದರೂ ಮಗು ಕ, ಕಾ, ಕಿ, ಕೀ ಎಂದು ರಾಗವಾಗಿ ಹಾಡಬಲ್ಲದು. ಹಾಡಿನ ನಡುವಿನಿಂದ ‘ಕೊ’ ಒಂದನ್ನೇ ಎತ್ತಿ ತೋರಿಸಿದರೆ, ಮೊದಲಿನಿಂದ ಹಾಡಿಕೊಂಡು ಬಂದು ಅಲ್ಲಿಗೆ ನಿಲ್ಲುತ್ತದೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಕನ್ನಡ ಓದಿನ ಅಧ್ಯಯನ ಹೇಳಿದ್ದು ಇದನ್ನೇ: ಕನ್ನಡದ ಅಕ್ಷರಜ್ಞಾನ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಬೆಳೆಯುತ್ತಲೇ ಇರುತ್ತದೆ, ಬಿಡಿ ದನಿಗಳ ಅರಿವೂ ಅದರ ಜತೆಗೇ ತಡವಾಗಿ ಬರುತ್ತದೆ. ಇಂಗ್ಲಿಷಿನ 26 ಅಕ್ಷರಗಳ ಅಂದಾಜಿನಲ್ಲಿ ವೇಳಾಪಟ್ಟಿ ಹಾಕಿದರೆ ಕನ್ನಡಕ್ಕೆ ಹೊಂದುವುದಿಲ್ಲ.

ಇದನ್ನು ಅರಿತು ಕನ್ನಡದಲ್ಲಿ ಕೆಲಸವೇ ಆಗಿಲ್ಲ ಎಂದಲ್ಲ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ, ಅ ಆ ಇ ಈ ಎಂಬ ಸಾಲನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿತು. ಈ ಐದು ಅಕ್ಷರ ಬಂದರೆ ಸರ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಮೊದಲ ವಾರಗಳಲ್ಲೇ ಮಗುವಿಗೆ ‘ನಾನು ಓದಿದೆ’ ಎನ್ನುವ ಖುಷಿ. ರಿಷಿ ವ್ಯಾಲಿಯಿಂದ ಪ್ರೇರಣೆ ಪಡೆದು ಊರ ಶಾಲೆಯ ಶಿಕ್ಷಕರೇ ಸೇರಿ ಕಟ್ಟಿದ ಪದ್ಧತಿ ಅದು. ರಾಜ್ಯಕ್ಕೆಲ್ಲ ಹರಡಿದಾಗ ಕಾರ್ಡುಗಳು ಹೋದವು, ಏಣಿಯ ಚಿತ್ರ ಹೋಯಿತು, ತಟ್ಟೆಗಳು ಹೋದವು. ಆ ಕಾರ್ಡಿನ ಕ್ರಮ ಯಾಕೆ ಹಾಗಿದೆ ಎಂಬ ತಿಳಿವಳಿಕೆ ಮಾತ್ರ ಎಲ್ಲ ಕಡೆಗೂ ಅದೇ ಪ್ರಮಾಣದಲ್ಲಿ ಹೋಗಲಿಲ್ಲ. ತಿಳಿವಳಿಕೆಯನ್ನು ಪೆಟ್ಟಿಗೆಯಲ್ಲಿಟ್ಟು ಲಾರಿಯಲ್ಲಿ ಕಳಿಸಲು ಬರುವುದಿಲ್ಲ.

ಹಾಗೆ ಹೋಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಯಾದಗಿರಿಯ ಸಾಕ್ಷಿ ಇದೆ. ಶೈಲಜಾ ಮೆನನ್ ಮತ್ತು ಸಂಗಡಿಗರು ಯಾದಗಿರಿಯ ಕನ್ನಡ ಶಾಲೆಗಳಲ್ಲೂ ಮಹಾರಾಷ್ಟ್ರದ ವಾಡಾದ ಮರಾಠಿ ಶಾಲೆಗಳಲ್ಲೂ ಮಕ್ಕಳನ್ನು ಒಂದರಿಂದ ಮೂರನೇ ತರಗತಿಯವರೆಗೆ ಹಿಂಬಾಲಿಸಿದರು. ಮೂರನೇ ತರಗತಿ ಮುಗಿಸುತ್ತಿದ್ದ ಎಷ್ಟೋ ಮಕ್ಕಳು ಸರಳ ಪದಗಳನ್ನು ಓದಲು ಒದ್ದಾಡುತ್ತಿದ್ದರು. ಅಕ್ಷರ ಗುರುತಿಸುವುದಕ್ಕೂ ಅಕ್ಷರಗಳನ್ನು ಕೂಡಿಸಿ ಪದವಾಗಿಸುವುದಕ್ಕೂ ನಡುವೆ ಒಂದು ಹಳ್ಳ ಇತ್ತು. ಅರ್ಥದ ಕಡೆಗೆ ಪಾಠ ತಿರುಗುತ್ತಿದ್ದುದೇ ಕಡಿಮೆ. ದೇಶದ ಅಂಕಿಯೂ ಇದಕ್ಕೆ ಹೊರತಲ್ಲ. 2024ರ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲ ಮಕ್ಕಳು ಶೇ 23.4. ಕೊರೊನಾ ನಂತರದ 2022ರಲ್ಲಿ ಅದು ಶೇ 16.3 ಇತ್ತು, ಈಗ ಏರಿದೆ ಎಂದು ಸಂತೋಷಪಟ್ಟವರೂ ಇದ್ದಾರೆ. ಏರಿದ್ದು ನಿಜವೇ. ನಾಲ್ಕರಲ್ಲಿ ಮೂವರು ಹಿಂದೆಯೇ ಉಳಿದಿರುವುದೂ ನಿಜ.

ಹೀಗಿರುವಾಗ ಬೇರೆ ಕಡೆ ಏನು ಮಾಡಿದ್ದಾರೆ ಎಂದು ನೋಡುವುದರಲ್ಲಿ ತಪ್ಪಿಲ್ಲ, ಅವರ ತಪ್ಪುಗಳಿಂದಲೂ ಕಲಿಯುವುದಾದರೆ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಓದು ಕಲಿಸುವುದಕ್ಕೆಂದೇ ಎರಡು ಹಂತದ ಅರ್ಹತೆಗಳಿವೆ. ಮೊದಲನೆಯದು ‘ರೀಡಿಂಗ್ ಅಂಡ್ ಲಿಟರಸಿ’ ಎಂಬ ಹೆಚ್ಚುವರಿ ಅಧಿಕಾರ. ಅದಿದ್ದವರು ತಮ್ಮ ಶಾಲೆಯ ಮಕ್ಕಳ ಓದನ್ನು ಪರೀಕ್ಷಿಸಿ, ಹಿಂದುಳಿದವರಿಗೆ ಕಲಿಸಿ, ಬೇರೆ ಶಿಕ್ಷಕರಿಗೂ ನೆರವಾಗಬಹುದು. ಎರಡನೆಯದು ಇಡೀ ಜಿಲ್ಲೆಯ ಮಟ್ಟದಲ್ಲಿ ಆ ಕೆಲಸವನ್ನು ಮುನ್ನಡೆಸುವ ತಜ್ಞರಿಗೆ. ಹೊಸದಾಗಿ ಡಿಗ್ರಿ ಮುಗಿಸಿದವರು ನೇರವಾಗಿ ಹೋಗಿ ಇವನ್ನು ಪಡೆಯಲು ಬರುವುದಿಲ್ಲ. ಮೊದಲು ಶಿಕ್ಷಕರ ಪರವಾನಗಿ ಇರಬೇಕು, ಮೂರು ವರ್ಷ ಪೂರ್ಣಾವಧಿ ಪಾಠ ಮಾಡಿರಬೇಕು, ಅದರ ಮೇಲೆ ಮಾನ್ಯತೆ ಪಡೆದ ವ್ಯಾಸಂಗ. ಇಲ್ಲಿ ಗಮನಿಸಬೇಕಾದ್ದು ಆ ಮೂರು ವರ್ಷ. ತಜ್ಞತೆಯನ್ನು ಅವರು ತರಗತಿಯ ಅನುಭವದ ಮೇಲೆ ಕೂರಿಸಿದ್ದಾರೆ, ಅದರ ಬದಲಿಗೆ ಅಲ್ಲ.

ಇನ್ನೊಂದು ಪಾಠ ಅದೇ ರಾಜ್ಯದ ಸಾಮಾನ್ಯ ಪ್ರಾಥಮಿಕ ಶಿಕ್ಷಕರ ಕಥೆಯಲ್ಲಿದೆ. 1998ರಿಂದ ಅಲ್ಲಿ ಪ್ರಾಥಮಿಕ ಶಿಕ್ಷಕರಾಗುವವರೆಲ್ಲ ‘ರೀಕಾ’ ಎಂಬ ಪರೀಕ್ಷೆ ಪಾಸಾಗಬೇಕಿತ್ತು. ಓದು ಕಲಿಸಲು ಗೊತ್ತಿದೆಯೇ ಎಂದು ನೋಡುವ ಪರೀಕ್ಷೆ. ಉದ್ದೇಶ ಒಳ್ಳೆಯದೇ. ಆದರೆ ಅದು ಹೆಚ್ಚಿನವರ ಪಾಲಿಗೆ ಲಿಖಿತ ಪರೀಕ್ಷೆಯಾಗಿಯೇ ಉಳಿಯಿತು, ಕೋಚಿಂಗ್ ಪುಸ್ತಕಗಳು ಹುಟ್ಟಿಕೊಂಡವು, ಎಷ್ಟೋ ಜನ ಒಂದೆರಡು ಸಲ ಡುಮ್ಕಿ ಹೊಡೆದು ದುಡ್ಡು ಕಟ್ಟಿ ಮತ್ತೆ ಬರೆದರು. 2021ರ ಕಾನೂನೊಂದು ಅದನ್ನು ಕೈಬಿಡಲು ಹೇಳಿತು. 2025ರಿಂದ ಅದರ ಜಾಗದಲ್ಲಿ ಬಂದಿರುವುದು, ಅಭ್ಯರ್ಥಿ ತರಗತಿಯಲ್ಲಿ ನಿಜವಾಗಿ ಮಕ್ಕಳಿಗೆ ಓದು ಕಲಿಸಿದ್ದನ್ನು ತೋರಿಸಿ, ಯಾಕೆ ಹಾಗೆ ಕಲಿಸಿದೆ ಎಂದು ವಿವರಿಸುವ ಮೌಲ್ಯಮಾಪನ. ಪರೀಕ್ಷಾ ಕೊಠಡಿಯಿಂದ ತರಗತಿಗೆ ಬರಲು ಅವರಿಗೆ ಇಪ್ಪತ್ತೇಳು ವರ್ಷ ಬೇಕಾಯಿತು. ಕನ್ನಡಕ್ಕೆ ಅಷ್ಟು ವರ್ಷ ಸುತ್ತುವ ಅಗತ್ಯವಿಲ್ಲ.

ಮಿಸಿಸಿಪ್ಪಿಯ ಹೆಸರೂ ಈ ಚರ್ಚೆಯಲ್ಲಿ ಬರುತ್ತದೆ. ಅಮೆರಿಕದ ಅತಿ ಬಡ ರಾಜ್ಯಗಳಲ್ಲಿ ಒಂದಾದ ಅದು 2013ರಲ್ಲಿ ಕಾನೂನು ಮಾಡಿ ಕೆಳಹಂತದ ಶಿಕ್ಷಕರಿಗೆ ಓದು ಕಲಿಸುವ ತರಬೇತಿ ಕೊಟ್ಟು, ತೀರಾ ಹಿಂದಿದ್ದ ಶಾಲೆಗಳಿಗೆ ತಜ್ಞರನ್ನು ಕಳಿಸಿತು. ನಾಲ್ಕನೇ ತರಗತಿಯ ಓದಿನಲ್ಲಿ ಬಹಳ ಹಿಂದಿದ್ದ ರಾಜ್ಯ 2019ರ ಹೊತ್ತಿಗೆ ರಾಷ್ಟ್ರೀಯ ಸರಾಸರಿಯ ಹತ್ತಿರ ಬಂದು ನಿಂತಿತು. ಓದಲು ಬಾರದವರನ್ನು ಮೂರನೇ ತರಗತಿಯಲ್ಲೇ ಉಳಿಸಿಕೊಂಡದ್ದೂ ಅಂಕಿಗಳನ್ನು ಏರಿಸಿದೆ ಎಂಬ ಆಕ್ಷೇಪವಿದೆ, ಅದು ತಳ್ಳಿಹಾಕುವಂಥದ್ದಲ್ಲ. ಆದರೆ ಶಿಕ್ಷಕರ ಕೈಯಲ್ಲಿ ವಿದ್ಯೆ ಇಟ್ಟರು, ಅದನ್ನು ಬಳಸುವಾಗ ಪಕ್ಕದಲ್ಲಿ ನಿಲ್ಲುವ ಒಬ್ಬರನ್ನೂ ಕೊಟ್ಟರು ಎಂಬಷ್ಟನ್ನು ಒಪ್ಪಬೇಕು.

ಭಾರತದಲ್ಲಿ ಇದನ್ನು ಹೇಳಿದ ಕೂಡಲೇ ಬರುವ ಆಕ್ಷೇಪ: ಇನ್ನೊಂದು ಸರ್ಟಿಫಿಕೇಟು, ಇನ್ನೊಂದು ಅಂಗಡಿ. ಈ ಆಕ್ಷೇಪ ಹಗುರವಾದದ್ದಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ಕೊಟ್ಟ ವರದಿಯನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಉಲ್ಲೇಖಿಸುತ್ತದೆ: ಹತ್ತು ಸಾವಿರಕ್ಕೂ ಹೆಚ್ಚಿರುವ ಬಿಡಿ ಶಿಕ್ಷಕ ತರಬೇತಿ ಸಂಸ್ಥೆಗಳಲ್ಲಿ ಬಹುಪಾಲು ದುಡ್ಡಿಗೆ ಪದವಿ ಮಾರುತ್ತಿವೆ. ಓದು ಕಲಿಸುವ ಡಿಪ್ಲೊಮಾ ಎಂದೊಂದು ಘೋಷಿಸಿದರೆ, ಹಾಜರಿ ಇಲ್ಲದೆ ಅದನ್ನು ಕೊಡುವ ಕಾಲೇಜು ಮುಂದಿನ ಜೂನ್‌ನೊಳಗೆ ಬೋರ್ಡು ಹಾಕಿರುತ್ತದೆ.

ಇನ್ನೊಂದು ತುದಿಯಲ್ಲಿ ಸರ್ಕಾರದ ಆನ್‌ಲೈನ್ ತರಬೇತಿ. ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ 2026-27ರೊಳಗೆ ಅರ್ಥವಾಗುವಂತೆ ಓದಬೇಕೆಂಬ ಗುರಿಯೊಂದಿಗೆ 2021ರ ಜುಲೈನಲ್ಲಿ ‘ನಿಪುಣ್ ಭಾರತ್’ ಶುರುವಾಯಿತು. ಅದರ ಬೆನ್ನಿಗೇ ‘ನಿಷ್ಠಾ’ ಹೆಸರಿನಲ್ಲಿ ದೀಕ್ಷಾ ಪೋರ್ಟಲಿನ ಮೇಲೆ 12 ಪಾಠಗಳ ಸರಣಿ ಬಂತು. ವಿಷಯ ಕೆಟ್ಟದ್ದಲ್ಲ. ಆದರೆ ಮೊಬೈಲಿನಲ್ಲಿ ವಿಡಿಯೊ ಓಡುತ್ತಿರುತ್ತದೆ, ಶಿಕ್ಷಕರು ಬಿಸಿಯೂಟದ ಲೆಕ್ಕ ಬರೆಯುತ್ತಿರುತ್ತಾರೆ, ಕೊನೆಯಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಪ್ರಮಾಣಪತ್ರ ಇಳಿಯುತ್ತದೆ. ಶಿಕ್ಷಕರ ಕೋಣೆಯಲ್ಲಿ ಇದು ಗುಟ್ಟಿನ ಮಾತೇನಲ್ಲ. ಅದೇ ನಿಪುಣ್ ಯೋಜನೆ ಮೂರನೇ ತರಗತಿಗೆ ನಿಮಿಷಕ್ಕೆ 60 ಪದ ಎಂಬ ಗುರಿ ಇಟ್ಟಿತು. ಹಿಂದಿಯಲ್ಲಿ ನಾಲ್ಕು ಪದವಾಗುವುದು ಕನ್ನಡದಲ್ಲಿ ‘ಹೋಗಬೇಕಾಗಿತ್ತಲ್ಲ’ ಎಂಬ ಒಂದೇ ಪದವಾಗುತ್ತದೆ. ಎನ್‌ಸಿಇಆರ್‌ಟಿ 2022ರಲ್ಲಿ 20 ಭಾಷೆಗಳಲ್ಲಿ ಪ್ರತ್ಯೇಕವಾಗಿ ಮಕ್ಕಳ ಓದನ್ನು ಅಳೆದದ್ದು ಇಂಥ ತೊಡಕಿಗಾಗಿಯೇ. ಆದರೆ ಗೋಡೆಯ ಮೇಲಿನ ಪೋಸ್ಟರಿನಲ್ಲಿ ಉಳಿದದ್ದು ಅರವತ್ತು ಎಂಬ ಸಂಖ್ಯೆ.

ಹಾಗಾಗಿ ಕೇಳಬೇಕಾದ್ದು ಸರ್ಟಿಫಿಕೇಟು ಬೇಕೋ ಬೇಡವೋ ಎಂದಲ್ಲ, ಅದನ್ನು ಎಲ್ಲಿ ಗಳಿಸಬೇಕು ಎಂದು. ಸೇವೆಯಲ್ಲಿರುವ, ಕನಿಷ್ಠ ಮೂರು ವರ್ಷ ಒಂದು-ಎರಡನೇ ತರಗತಿಗೆ ಕಲಿಸಿದವರಿಗೆ ಮಾತ್ರ ಪ್ರವೇಶ. ಒಂದು ಶೈಕ್ಷಣಿಕ ವರ್ಷ. ವಾರದ ಹೆಚ್ಚಿನ ದಿನ ತಮ್ಮದೇ ಶಾಲೆಯಲ್ಲಿ. ಓದು ಬಾರದ ಐದಾರು ಮಕ್ಕಳನ್ನು ಆರಿಸಿಕೊಂಡು ಜೂನ್‌ನಿಂದ ಮಾರ್ಚ್‌ವರೆಗೆ ಅವರ ಜತೆ ಕೂತು ಕೆಲಸ ಮಾಡಿ, ವಾರವಾರದ ದಾಖಲೆ ಇಡಬೇಕು. ಮಗು ಓದುವ ದನಿಮುದ್ರಣವೂ ಆ ಕಡತದಲ್ಲಿರಬೇಕು. ಪಾಸು-ಫೇಲು ನಿರ್ಧಾರ ಆ ಕಡತದ ಮೇಲೆ. ಇದರಲ್ಲಿ ಮೋಸ ಸಾಧ್ಯವೇ ಇಲ್ಲ ಎನ್ನಲಾಗದು, ಆದರೆ ಮಗುವಿನ ದನಿಯನ್ನು ಹತ್ತು ತಿಂಗಳು ನಕಲು ಮಾಡುವುದು ಉತ್ತರ ಪತ್ರಿಕೆ ನಕಲು ಮಾಡುವಷ್ಟು ಸುಲಭವಲ್ಲ.

ಸೇವೆಯಲ್ಲಿರುವ ಶಿಕ್ಷಕರನ್ನು ಇಷ್ಟು ಕಾಲ ತೊಡಗಿಸುವುದು ಆಗದ ಮಾತು ಎನ್ನುವವರು ಮೈಸೂರಿನ ಮಾನಸಗಂಗೋತ್ರಿಯ ಕಡೆ ನೋಡಬೇಕು. 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದ ಅಡಿಯಲ್ಲಿರುವ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರಕ್ಕೆ ಬೇರೆ ರಾಜ್ಯಗಳ ಶಿಕ್ಷಕರು ನಿಯೋಜನೆಯ ಮೇಲೆ ಬಂದು ಹತ್ತು ತಿಂಗಳು ಕೂತು ಕನ್ನಡ, ತಮಿಳು, ತೆಲುಗು, ಮಲಯಾಳ ಕಲಿತು ಹೋಗುವ ಪದ್ಧತಿ ದಶಕಗಳಿಂದ ಇದೆ. ಭಾಷೆ ಕಲಿಯಲು ಹತ್ತು ತಿಂಗಳು ಕೊಡಬಲ್ಲ ದೇಶ, ಆ ಭಾಷೆಯನ್ನು ಓದಲು ಕಲಿಸುವುದನ್ನು ಕಲಿಯಲು ಹತ್ತು ತಿಂಗಳು ಕೊಡಬಹುದು.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಓದಿನ ತೊಂದರೆಗೆ ಸಂಬಂಧಿಸಿದ ವೃತ್ತಿಪರ ಅರ್ಹತೆ ಭಾರತದಲ್ಲಿ ಒಂದಿದೆ. 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ವಿಶೇಷ ಶಿಕ್ಷಕರದ್ದು ಅದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಆ ನೆರವು ಹಕ್ಕಾಗಿ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದಲು ಬಾರದ ಆ ಮುಕ್ಕಾಲು ಪಾಲು ಮಕ್ಕಳಲ್ಲಿ ಹೆಚ್ಚಿನವರಿಗೆ ಇರುವುದು ನ್ಯೂನತೆಯಲ್ಲ. ಅವರಿಗೆ ಯಾರೂ ಸರಿಯಾಗಿ ಕಲಿಸಿಲ್ಲ. ಮಗು ಎಡವಿ ಬಿದ್ದು, ಆಸ್ಪತ್ರೆಯ ಚೀಟಿ ತಂದ ಮೇಲೆ ಮಾತ್ರ ತಜ್ಞರು ಸಿಗುತ್ತಾರೆ ಎಂಬುದು ತಲೆಕೆಳಗಾದ ಏರ್ಪಾಡು. ದೊಡ್ಡ ನಗರದಲ್ಲಿ ದುಡ್ಡಿರುವವರು ಗಂಟೆಗಿಷ್ಟು ಎಂದು ಕೊಟ್ಟು ರೆಮೆಡಿಯಲ್ ಕ್ಲಾಸಿಗೆ ಕಳಿಸುತ್ತಾರೆ, ಅದೂ ಇಂಗ್ಲಿಷಿನ ಓದಿಗೆ. ಕನ್ನಡದಲ್ಲಿ ತಡವರಿಸುವ ಮಗುವಿಗೆ ಕಲಬುರಗಿಯಲ್ಲೂ ಇಲ್ಲ, ಮುಂಬೈಯಲ್ಲೂ ಇಲ್ಲ.

ಮುಂಬೈಯ ಮಾತು ಸುಮ್ಮನೆ ಬಂದದ್ದಲ್ಲ. ಮುಂಬೈ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತದೆ. ಅಕ್ಕಲಕೋಟೆ, ಜತ್ತ ತಾಲ್ಲೂಕುಗಳಲ್ಲಿ, ಕಾಸರಗೋಡಿನಲ್ಲಿ, ತಾಳವಾಡಿಯಲ್ಲಿ ಕನ್ನಡ ಶಾಲೆಗಳಿವೆ. ಕರ್ನಾಟಕದ ಇಲಾಖೆ ತನ್ನ ಶಿಕ್ಷಕರಿಗೆ ಕೊಡುವ ತರಬೇತಿ ಗಡಿಯಲ್ಲಿ ನಿಲ್ಲುತ್ತದೆ, ಆಚೆಯ ಸರ್ಕಾರಕ್ಕೆ ಕನ್ನಡದ ಓದು ಅದರ ಚಿಂತೆಗಳಲ್ಲಿ ಕೊನೆಯದು. ಅರ್ಹತೆಯೊಂದನ್ನು ಮೈಸೂರಿನ ಕೇಂದ್ರ ಸಂಸ್ಥೆಯೇ ಕೊಟ್ಟರೆ ಗಡಿಯ ತಕರಾರು ಅಷ್ಟರಮಟ್ಟಿಗೆ ತಪ್ಪುತ್ತದೆ.

ಇನ್ನು ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಕನ್ನಡ ಸಂಘಗಳ ಭಾನುವಾರದ ತರಗತಿಗಳು. ಅಲ್ಲಿ ಕಲಿಸುವವರು ಬ್ಯಾಂಕಿನವರು, ಐಟಿಯವರು, ನಿವೃತ್ತರು, ಗೃಹಿಣಿಯರು. ಪ್ರೀತಿಗೆ ಕೊರತೆಯಿಲ್ಲ. ಎಂಟು-ಹತ್ತು ವರ್ಷದ, ಇನ್ನೊಂದು ಲಿಪಿ ಆಗಲೇ ಓದುವ ಮಕ್ಕಳನ್ನು ಅವರು ಅ ಅಗಸ, ಆ ಆನೆಯಿಂದ ಶುರುಮಾಡುತ್ತಾರೆ, ತಾವು ಹಾಗೆ ಕಲಿತಿದ್ದರಿಂದ. ಹೈದರಾಬಾದಿನಲ್ಲಿ ತೆಲುಗು ಓದುವ ಮಗುವಿಗೆ ಅದು ಬೇಕೇ ಇಲ್ಲ. ತಲೆಕಟ್ಟಿನ ವ್ಯತ್ಯಾಸ, ರೂಪ ಬೇರೆಯಿರುವ ಕೆಲವು ಅಕ್ಷರ ತೋರಿಸಿದರೆ ನಾಲ್ಕಾರು ವಾರದಲ್ಲಿ ಪುಸ್ತಕ ಹಿಡಿಯುತ್ತದೆ. ಮುಂಬೈ, ಪುಣೆಯ ಮಗುವಿಗೆ ದೇವನಾಗರಿಯ ಬಾರಾಖಡಿ ಗೊತ್ತು, ಕಾಗುಣಿತದ ತರ್ಕ ಹೊಸದಲ್ಲ. ಆದರೆ ಮರಾಠಿಯಲ್ಲಿ ಎ-ಏ, ಒ-ಓ ಭೇದವಿಲ್ಲ, ಹಾಗಾಗಿ ‘ಬೆಳೆ’, ‘ಬೇಳೆ’ ಅದರ ಕಣ್ಣಿಗೆ ಒಂದೇ. ಚೆನ್ನೈನ ಮಗುವಿಗೆ ಎ-ಏ ಕಷ್ಟವಿಲ್ಲ. ಅದರ ತೊಡಕು ಕ, ಗ ಬೇರೆ ಬೇರೆ ಅಕ್ಷರವೆಂಬುದರಲ್ಲಿ, ಮತ್ತು ಒತ್ತಿನಲ್ಲಿ. ತಮಿಳಿನಲ್ಲಿ ‘ಅಮ್ಮ’ ಬರೆಯುವಾಗ ಮಕಾರದ ಮೇಲೆ ಚುಕ್ಕಿಯಿಟ್ಟು ಪಕ್ಕದಲ್ಲಿ ಇನ್ನೊಂದು ಬರೆಯುತ್ತಾರೆ, ಕೆಳಗೆ ತೂಗಿಬಿಡುವುದಿಲ್ಲ. ಮೂರು ಊರಿಗೆ ಮೂರು ದಾರಿ. ಇದನ್ನು ತಿಳಿದವರೊಬ್ಬರು ಸ್ವಯಂಸೇವಕರಿಗೆ ಎರಡು ವಾರಾಂತ್ಯ ಹೇಳಿಕೊಟ್ಟರೆ ಮಕ್ಕಳ ಒಂದು ವರ್ಷ ಉಳಿಯುತ್ತದೆ. ಮೂರನೇ ತಿಂಗಳಿಗೆ ಬೇಸತ್ತು ಬಿಟ್ಟುಹೋಗುವ ಮಕ್ಕಳಲ್ಲಿ ಕೆಲವರಾದರೂ ನಿಲ್ಲುತ್ತಾರೆ. ಆ ತಿಳಿದವರು ಎಲ್ಲಿಂದ ಬರಬೇಕು ಎಂಬುದೇ ಪ್ರಶ್ನೆ.

ಕೊನೆಗೆ ಸಂಬಳ, ಸ್ಥಾನದ ವಿಷಯ. ಇದನ್ನು ಬಿಟ್ಟು ಅರ್ಹತೆಯ ಮಾತಾಡುವುದು ಉಪದೇಶವಾಗುತ್ತದೆ. 2017ರ ವೃಂದ ಮತ್ತು ನೇಮಕಾತಿ ನಿಯಮಗಳು ಏಳನೇ ತರಗತಿಯವರೆಗೆ ಕಲಿಸಲು ನೇಮಕವಾಗಿದ್ದ ತಮ್ಮನ್ನು ಒಂದರಿಂದ ಐದಕ್ಕೆ ಸೀಮಿತಗೊಳಿಸಿವೆ ಎಂದು ಕರ್ನಾಟಕದ ಪ್ರಾಥಮಿಕ ಶಾಲಾ ಶಿಕ್ಷಕರು 2024ರಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸೇರಿದ್ದರು. ಅವರು ಬಳಸಿದ ಪದ ‘ಹಿಂಬಡ್ತಿ’. ಸೇವಾ ಹಿರಿತನ, ಬಡ್ತಿ ಕಳೆದುಕೊಂಡವರ ಸಿಟ್ಟು ನ್ಯಾಯವಾದದ್ದೇ. ಆದರೆ ಒಂದನೇ ತರಗತಿಯ ಕಡೆಗೆ ಹೋಗುವುದು ಕೆಳಗಿಳಿಯುವುದು ಎಂಬ ಅರ್ಥ ಆ ಪದದೊಳಗೆ ಸೇರಿಕೊಂಡಿದೆ, ಅದನ್ನು ಸೇರಿಸಿದ್ದು ಶಿಕ್ಷಕರಲ್ಲ, ಸರ್ಕಾರದ ವೇತನ ಶ್ರೇಣಿ. ಓದು ಕಲಿಸುವ ಅರ್ಹತೆ ಪಡೆದವರಿಗೆ ಎರಡು ವಿಶೇಷ ವೇತನ ಬಡ್ತಿ, ಕ್ಲಸ್ಟರಿಗೆ ಒಂದು ಹುದ್ದೆ, ಆ ಹುದ್ದೆಯಲ್ಲಿರುವವರಿಗೆ ಜನಗಣತಿ, ಚುನಾವಣಾ ಪಟ್ಟಿಯ ಕೆಲಸದಿಂದ ವಿನಾಯಿತಿ: ಇಷ್ಟಾದರೆ ಶಾಲೆಯ ಅತಿ ಚುರುಕಾದ ಶಿಕ್ಷಕಿಯನ್ನು ಏಳನೇ ತರಗತಿಗೆ ಹಾಕಿ, ಹೊಸಬರನ್ನೋ ಅತಿಥಿ ಶಿಕ್ಷಕರನ್ನೋ ಒಂದನೇ ತರಗತಿಗೆ ತಳ್ಳುವ ರೂಢಿ ಬದಲಾದೀತು.

ಒಂದು ಪ್ರಾಯೋಗಿಕ ತೊಡಕು ಉಳಿಯುತ್ತದೆ. ಜೂನ್‌ನಲ್ಲಿ ‘ಸೂಯ್ರ’ ಎಂದು ಓದಿದ ಮಗು ಮಾರ್ಚ್‌ನಲ್ಲಿ ಹೇಗೆ ಓದುತ್ತಿದೆ ಎಂದು ಕೇಳಿಸಿಕೊಂಡು, ನಡುವಿನ ಹತ್ತು ತಿಂಗಳ ಕಡತ ನೋಡಿ ಅಂಕ ಕೊಡಬಲ್ಲ ಪರೀಕ್ಷಕರು ಬೇಕಲ್ಲ. ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಡಯಟ್‌ಗಳಲ್ಲಿ ಇರುವವರಲ್ಲಿ ಬಹುಪಾಲು ಪ್ರೌಢಶಾಲೆಯ ಹಿನ್ನೆಲೆಯವರು. ಒಂದನೇ ತರಗತಿಗೆ ಒಂದು ವರ್ಷ ಪೂರ್ತಿ ಪಾಠ ಮಾಡಿದವರು ಅವರಲ್ಲಿ ಅಪರೂಪ. ಆದ್ದರಿಂದ ಈ ವ್ಯಾಸಂಗದ ಮೊದಲ ತಂಡಕ್ಕೆ ಸೇರಬೇಕಾದವರು ಅವರೇ. ಮುಂದಿನ ಜೂನ್‌ನಲ್ಲಿ ಅವರಲ್ಲಿ ಒಬ್ಬೊಬ್ಬರನ್ನು ಒಂದೊಂದು ಊರಿನ ಒಂದನೇ ತರಗತಿಗೆ, ಒಂದು ವರ್ಷದ ಮಟ್ಟಿಗೆ, ಕಳಿಸಬೇಕು.